ಬ್ರಿಡ್ಜ್‌ವಾಟರ್‌ನಿಂದ, ಭಾಗ 17: ಕಾಯಿಲೆಯ ಸುದ್ದಿ ಯಾರದ್ದು?

ಹೋದ ವಾರ ಯಾಕೆ ಬರೆಯಲಿಲ್ಲ ಅಂತ ಸಾಗರದಿಂದ ಅತ್ತಿಗೆ ಕೇಳಿದರು. ಸಾಲಾಗಿ ಮೂರು ನೈಟ್ ಡ್ಯೂಟಿ ಇತ್ತು, ಅಷ್ಟೆ. ಇವತ್ತಿನದು ಸ್ವಲ್ಪ ಖಾರ. ಹೇಳುತ್ತಿರುವುದು ನಮ್ಮವರಿಗೇ, ಬೇಜಾರು ಮಾಡಿಕೊಳ್ಳಬೇಡಿ.

ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಅಪ್ಪಯ್ಯನಿಗೆ ಹಾರ್ಟ್ ಅಟ್ಯಾಕ್ ಆಯಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. "ಅವಳು ಅಷ್ಟು ದೂರ ಇದ್ದಾಳೆ, ಸುಮ್ನೆ ಗಾಬರಿ ಆಗ್ತಾಳೆ, ಈಗಲೇ ಹೇಳೋದು ಬೇಡ" ಅಂತ ಮನೆಯಲ್ಲಿ ಮಾತಾಯಿತಂತೆ. ಮೂರನೇ ದಿನ, ಇಲ್ಲಿ ರಾತ್ರಿ ಮೂರು ಗಂಟೆ, ಊರಲ್ಲಿ ಮಧ್ಯಾಹ್ನ ಒಂದೂವರೆ. ಬ್ರೇಕ್‌ನಲ್ಲಿ ಕೂತು ಫೋನ್ ತೆಗೆದರೆ ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೊ. ಐಸಿಯು ಮಂಚ, ಬರಿ ಮೈ, ಮುಖಕ್ಕೆ ಮಾಸ್ಕ್. ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ನಾನು ಮೊದಲು ನೋಡಿದ್ದು ಪಕ್ಕದ ಮಾನಿಟರನ್ನು. ಆಕ್ಸಿಜನ್ 88. ಆಮೇಲೆ ಮುಖ ನೋಡಿದೆ. ನಮ್ಮ ಅಪ್ಪಯ್ಯ.

ದೇವರ ದಯೆ, ಹುಷಾರಾದರು. ಫೋಟೊ ವಿಷಯ ಅವರಿಗೆ ತಿಳಿದದ್ದು ತಿಂಗಳ ನಂತರ, ಅಡಿಕೆ ಮಂಡಿಯಲ್ಲಿ ಯಾರೋ "ನೋಡಿದ್ವಿ ಮಾರಾಯ್ರೆ" ಅಂದಾಗ. ಹೆಗಲ ಮೇಲೆ ಟವೆಲ್ ಇಲ್ಲದೆ ಜಗಲಿಗೂ ಬಾರದ ಮನುಷ್ಯ. ಮನೆಗೆ ಬಂದು ಕೇಳಿದ್ದು ಒಂದೇ ಮಾತು: "ನಂಗೆ ಎಚ್ಚರ ಇತ್ತಲ್ಲ, ನನ್ನ ಕೇಳಿದ್ರಾ?"

ಯಾರಿಗೂ ಉತ್ತರ ಇರಲಿಲ್ಲ. ಮಗಳಿಗೆ ಹೇಳಬೇಡಿ ಅಂತಲೂ ಅವರು ಹೇಳಿರಲಿಲ್ಲ, ಊರಿಗೆಲ್ಲ ತೋರಿಸಿ ಅಂತಲೂ ಹೇಳಿರಲಿಲ್ಲ. ತಿಳಿಯಬೇಕಾದವರಿಂದ ಮುಚ್ಚಿಡುವುದು, ಬೇಡದವರಿಗೆಲ್ಲ ಹಂಚುವುದು: ಎರಡೂ ಬೇರೆ ಬೇರೆ ತಪ್ಪು ಅಂದುಕೊಳ್ಳುತ್ತೇವೆ. ನನಗೆ ಕಾಣುವಂತೆ ತಪ್ಪು ಒಂದೇ. ಮಲಗಿರುವವರನ್ನು ಕೇಳದಿರುವುದು.

ಹಾಗಂತ ಫೋನನ್ನು ಬೈಯುವವಳಲ್ಲ ನಾನು. 2020ರ ವಸಂತದಲ್ಲಿ ಇಲ್ಲಿ ನ್ಯೂಜೆರ್ಸಿಯ ಆಸ್ಪತ್ರೆಗಳಿಗೆ ಮನೆಯವರನ್ನೂ ಬಿಡುತ್ತಿರಲಿಲ್ಲ. ನಾವು ನರ್ಸ್‌ಗಳೇ ಗ್ಲೌಸ್ ಹಾಕಿದ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಮಕ್ಕಳ ಮುಖ ತೋರಿಸಿದ್ದೇವೆ. ಚಿಕ್ಕಪ್ಪನ ಆಪರೇಷನ್‌ಗೆ ರಕ್ತ ಬೇಕಾದಾಗ ಅರ್ಧ ಗಂಟೆಯಲ್ಲಿ ಇಬ್ಬರನ್ನು ಹುಡುಕಿಕೊಟ್ಟಿದ್ದು ಇದೇ ವಾಟ್ಸಾಪ್.

ಇಲ್ಲಿಯವರಿಗೆ ಕೇರಿಂಗ್‌ಬ್ರಿಡ್ಜ್ ಅಂತ ಒಂದು ಜಾಲತಾಣ ಇದೆ. 1997ರಲ್ಲಿ ಮಿನೆಸೋಟಾದಲ್ಲಿ ಸೋನಾ ಮೆಹ್ರಿಂಗ್ ಎಂಬಾಕೆಯ ಗೆಳತಿಗೆ ದಿನ ತುಂಬುವ ಮೊದಲೇ ಮಗು ಹುಟ್ಟಿತು. ಎಲ್ಲರಿಗೂ ಫೋನ್ ಮಾಡಿ ತಿಳಿಸುವ ಬದಲು ಆಕೆ ಒಂದು ವೆಬ್ ಪುಟ ಮಾಡಿ ಅಲ್ಲೇ ಸುದ್ದಿ ಹಾಕಿದರು. ಶುರುವಾದದ್ದು ಹಾಗೆ. ಒಂದೇ ಜಾಗ, ಯಾರು ಬರೆಯಬಹುದು, ಯಾರು ಓದಬಹುದು ಅಂತ ಮನೆಯವರದ್ದೇ ತೀರ್ಮಾನ. ನಮಗೆ ಹೊಸ ಆಪ್ ಏನೂ ಬೇಡ. ವಾಟ್ಸಾಪ್ ಗ್ರೂಪಿನಲ್ಲೇ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಬಹುದು.

ನಾನು ಕೇಳಿಕೊಳ್ಳುವುದು ಇಷ್ಟು. ಎಚ್ಚರ ಇದ್ದರೆ ರೋಗಿಯನ್ನೇ ಕೇಳಿ: ಯಾರಿಗೆ ಹೇಳಲಿ, ಎಷ್ಟು ಹೇಳಲಿ? ಮನೆಯಿಂದ ಒಬ್ಬರೇ ಬರೆಯಲಿ, ದಿನಕ್ಕೊಂದು ಸಲ, ಒಂದೇ ಹೊತ್ತಿಗೆ. ಹೊಸದೇನೂ ಇಲ್ಲದಿದ್ದರೆ "ನಿನ್ನೆಯ ಹಾಗೇ ಇದ್ದಾರೆ" ಅಂತಲಾದರೂ ಬರೆಯಿರಿ. ದೂರ ಇರುವವರಿಗೆ ಕೆಟ್ಟ ಸುದ್ದಿಗಿಂತ ಸುಮ್ಮನಿರುವುದೇ ಹೆಚ್ಚು ಹೆದರಿಸುತ್ತದೆ. ಮಂಚದ ಫೋಟೊ ಬೇಡ, ಸ್ಕ್ಯಾನ್ ರಿಪೋರ್ಟ್ ಬೇಡ.

ಓದುವವರಿಗೂ ಒಂದು ಮಾತು. ಫಾರ್ವರ್ಡ್ ಮಾಡಬೇಡಿ. "ಯಾವ ಸ್ಟೇಜು?" ಅಂತ ಕೇಳಬೇಡಿ. ಕಷಾಯದ ವಿಡಿಯೊ ಕಳಿಸಬೇಡಿ. "ನಾಳೆ ರಾತ್ರಿ ಊಟ ನಾನು ತರ್ತೀನಿ" ಅಂದರೆ ಅದು ನೂರು ಕೈಮುಗಿದ ಚಿತ್ರಕ್ಕೆ ಸಮ.

ಈಗಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದಿನ ತಿಂಗಳು ನನಗೊಂದು ಆಪರೇಷನ್ ಇದೆ. ನಾನೂ ಎರಡು ವಾರ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದೆ, ಅಪ್ಪಯ್ಯ ಗಾಬರಿ ಆಗ್ತಾರೆ ಅಂತ! ಮೊನ್ನೆ ಶನಿವಾರ ಫೋನ್ ಮಾಡಿ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೇಳಿದ್ದು ಒಳ್ಳೇದಾಯ್ತು ಮಗಾ. ಯಾರಿಗೆಲ್ಲ ಹೇಳ್ಬಹುದು?" ಅಂದರು.

ಏನು ಆಪರೇಷನ್ ಅಂತ ಮನೆಯವರಿಗೆ ಗೊತ್ತು. ನಿಮಗೆ ಸದ್ಯ ಇಷ್ಟು ಸಾಕು. ಆ ವಾರ ಊರಿನ ರಾತ್ರಿ ಎಂಟಕ್ಕೆ ತಂಗಿ ಇಲ್ಲೇ ಎರಡು ಸಾಲು ಬರೆಯುತ್ತಾಳೆ. ಅಲ್ಲಿಯವರೆಗೆ ಅವಳಿಗೆ ಫೋನ್ ಮಾಡಬೇಡಿ, ಪಾಪ. ನಾನು ಎದ್ದು ಕೂತ ಮೇಲೆ ಭಾಗ 18.