ಕಪಿಲೆ, ಕಾವೇರಿ ಮತ್ತು ಒಂದೂ ಒಂದೂ ಎರಡು

ನಂಜನಗೂಡನ್ನು ಹಾದು ಬರುವ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿಂದ ಮುಂದೆ ಹರಿಯುವುದು ಒಂದೇ ನದಿ. ಹಾಗಾದರೆ ಒಂದೂ ಒಂದೂ ಎರಡು ಹೇಗಾಯಿತು ಸಾರ್ ಎಂದು ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ. ಗಣಿತದ ಸತ್ಯವೂ ಅವರವರ ದೃಷ್ಟಿಗೆ ಬಿಟ್ಟದ್ದು ಎಂಬುದು ಅವನ ವಾದ. (ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ನಾವು ತ್ರಿವೇಣಿ ಎನ್ನುತ್ತೇವೆ. ಆ ಲೆಕ್ಕ ಬೇರೆ, ಅದು ಭಕ್ತಿಯದು.)

ಪ್ರಶ್ನೆ ತುಂಟತನದ್ದಾದರೂ ತಳ್ಳಿಹಾಕುವಂಥದ್ದಲ್ಲ. ಪ್ರಯೋಗಶಾಲೆಯಲ್ಲಿ 50 ಮಿಲಿಲೀಟರ್ ನೀರಿಗೆ ಅಷ್ಟೇ ಶುದ್ಧ ಆಲ್ಕೋಹಾಲ್ ಬೆರೆಸಿ ನೋಡಿ. ಬರುವುದು ನೂರಲ್ಲ, ಮೂರು ನಾಲ್ಕು ಮಿಲಿಲೀಟರ್ ಕಡಿಮೆ. ತೂಕ ಮಾಡಿದರೆ ಮಾತ್ರ ಲೆಕ್ಕ ಸರಿ. ತೂಕವನ್ನು ಕೂಡಬಹುದು, ಇಲ್ಲಿ ಗಾತ್ರವನ್ನು ಕೂಡುವಂತಿಲ್ಲ, ನದಿಯ ಹೆಸರನ್ನಂತೂ ಕೂಡಲೇಬಾರದು. ಯಾವುದನ್ನು ಕೂಡಬಹುದೆಂದು ಹೇಳುವುದು ಪ್ರಕೃತಿ. ಕೂಡಿದರೆ ಎಷ್ಟು ಎಂದು ಹೇಳುವುದು ಗಣಿತ. ಕಾವೇರಿಯಲ್ಲಿ 10,000 ಕ್ಯೂಸೆಕ್, ಕಪಿಲೆಯಲ್ಲಿ 5,000 ಕ್ಯೂಸೆಕ್ ಬರುತ್ತಿದೆ ಎನ್ನೋಣ. ಸಂಗಮದ ಕೆಳಗೆ 14,000 ಮಾತ್ರ ಸಿಕ್ಕಿದರೆ ಇಂಜಿನಿಯರು ಅಳತೆಪಟ್ಟಿಯನ್ನು ಅನುಮಾನಿಸುತ್ತಾರೆ, ಪಂಪ್‌ಸೆಟ್ಟುಗಳನ್ನು ಅನುಮಾನಿಸುತ್ತಾರೆ. ಸಂಕಲನವನ್ನು ಯಾರೂ ಅನುಮಾನಿಸುವುದಿಲ್ಲ.

ಈ ನೀರಿನ ಜಗಳವನ್ನೇ ನೋಡಿ. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 192 ಟಿಎಂಸಿ ಅಡಿ ಬಿಡಬೇಕೆಂದು 2007ರಲ್ಲಿ ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು 177.25ಕ್ಕೆ ಇಳಿಸಿತು. ಯಾವುದು ನ್ಯಾಯ ಎಂಬುದಕ್ಕೆ ಎರಡೂ ಕಡೆ ವಕೀಲರಿದ್ದರು. ವ್ಯತ್ಯಾಸ 14.75 ಎಂಬುದಕ್ಕೆ ಯಾರೂ ವಕೀಲರನ್ನಿಡಲಿಲ್ಲ.

ಇಷ್ಟು ಕೇಳಿ ಗಣಿತ ಸರ್ವಕಾಲಿಕ ಸತ್ಯವೆಂದು ಬೀಗುವುದೂ ಬೇಡ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಖಂಡಿತ. ಈಗ ಮೈಸೂರು, ನಂಜನಗೂಡು, ಟಿ. ನರಸೀಪುರ ಈ ಮೂರು ಊರುಗಳನ್ನು ನೆಲದ ಮೇಲೆ ರೇಖೆ ಎಳೆದು ಸೇರಿಸಿ. ಒಳಗಿನ ವಿಸ್ತೀರ್ಣ ಸುಮಾರು 260 ಚದರ ಕಿಲೋಮೀಟರ್. ಭೂಮಿ ಉಬ್ಬಿರುವುದರಿಂದ ಕೋನಗಳ ಮೊತ್ತ 180 ಡಿಗ್ರಿಗಿಂತ ಒಂದು ಸೆಕೆಂಡಿನಷ್ಟು, ಇನ್ನೂ ತುಸು ಹೆಚ್ಚೇ, ಮಿಕ್ಕುತ್ತದೆ. ಒಂದು ಡಿಗ್ರಿಗೆ 3,600 ಸೆಕೆಂಡು. ಶಾಲೆಯ ಕೋನಮಾಪಕಕ್ಕೆ ಇದು ಕಾಣುವುದಿಲ್ಲ. ಆದರೆ ಶ್ರೀರಂಗಪಟ್ಟಣದ ಪತನದ ನಂತರ, 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ನಮ್ಮ ಸೀಮೆಯ ಸರ್ವೆಗೆ ತೊಡಗಿದ ವಿಲಿಯಂ ಲ್ಯಾಂಬ್ಟನ್‌ನಂಥವರು ಈ ಹೆಚ್ಚುವರಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕಾಗಿತ್ತು. ಅಂದರೆ ಯೂಕ್ಲಿಡ್ ಸುಳ್ಳಾದನೆ? ಇಲ್ಲ. ಅವನು ಹೇಳಿದ್ದು ಸಮತಲದ ಮಾತು. ಅವನ ಸಮಾಂತರ ರೇಖೆಗಳ ಆಧಾರ ಪ್ರತಿಜ್ಞೆಯನ್ನು ಒಪ್ಪಿದರೆ 180 ಬಿಟ್ಟು ಬೇರೆ ಉತ್ತರವಿಲ್ಲ. 1829ರಲ್ಲಿ ರಷ್ಯದ ಲೋಬಚೆವ್‌ಸ್ಕಿ ಅದನ್ನು ಬಿಟ್ಟು ಬೇರೊಂದು ಪ್ರತಿಜ್ಞೆ ಹಿಡಿದ, 180ಕ್ಕಿಂತ ಕಡಿಮೆ ಮೊತ್ತ ಬಂತು. ಪ್ರತಿಜ್ಞೆಯ ಆಯ್ಕೆ ನಮ್ಮದು. ಫಲಿತಾಂಶದ ಆಯ್ಕೆ ನಮ್ಮದಲ್ಲ.

ನಮ್ಮವನೇ ಆದ ಮಹಾವೀರಾಚಾರ್ಯನಲ್ಲಿ ಇದು ಇನ್ನೂ ಸೊಗಸಾಗಿ ಕಾಣುತ್ತದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, 'ಗಣಿತಸಾರಸಂಗ್ರಹ' ಬರೆದವನು. ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದ. ಇಂದಿನ ವಿದ್ಯುತ್ ಇಂಜಿನಿಯರಿಗೆ ಮೈನಸ್ ಒಂದರ ವರ್ಗಮೂಲವಿಲ್ಲದೆ ಕೆಲಸ ಸಾಗದು. ಆದರೂ ಮಹಾವೀರ ತಪ್ಪಲ್ಲ. ಅವನಿಗೆ ಗೊತ್ತಿದ್ದ ಸಂಖ್ಯೆಗಳಲ್ಲಿ ಅಂಥದ್ದು ಇಲ್ಲವೇ ಇಲ್ಲ. 1572ರಲ್ಲಿ ಇಟಲಿಯ ಬೊಂಬೆಲ್ಲಿ ಅಂಥವುಗಳ ಲೆಕ್ಕಕ್ಕೆ ಹೊಸ ನಿಯಮಗಳನ್ನು ಕೊಟ್ಟ. ಮನೆಗೆ ಹೊಸ ಕೋಣೆ ಕಟ್ಟಿದಂತೆ. ಹಳೆಯ ಗೋಡೆ ಬೀಳಲಿಲ್ಲ.

ಅದೇ ಮಹಾವೀರ ಇನ್ನೊಂದು ಕಡೆ, ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದ. ಎಂಟು ರಸಬಾಳೆ ಇದೆ, ಯಾರಿಗೂ ಹಂಚಲಿಲ್ಲ, ಎಂಟೂ ಬುಟ್ಟಿಯಲ್ಲೇ ಉಳಿಯಿತು. ಅವನಿಗೆ ಹೀಗೆ ತೋರಿರಬಹುದು. ಸರಿಯೆಂದೇ ಇಟ್ಟುಕೊಳ್ಳಿ. ಭಾಗಾಕಾರ ಸರಿಯೇ ಎಂದು ನೋಡಲು ನಾವು ತಿರುಗಿಸಿ ಗುಣಿಸುತ್ತೇವೆ. ಎಂಟನ್ನು ಸೊನ್ನೆಯಿಂದ ಗುಣಿಸಿದರೆ ಅವನದೇ ನಿಯಮದಂತೆ ಸೊನ್ನೆ ಬರುತ್ತದೆ, ಎಂಟಲ್ಲ. ಇದು ಋಣ ಸಂಖ್ಯೆಯ ಮಾತಿನಂತಲ್ಲ, ಒಳಗೇ ತಗಾದೆ. ಈ ಉತ್ತರವನ್ನು ಉಳಿಸಿಕೊಳ್ಳಬೇಕಾದರೆ ಭಾಗಾಕಾರವು ಗುಣಾಕಾರದ ತಿರುಗುಮುರುಗು ಎಂಬುದನ್ನೇ ಬಿಟ್ಟುಕೊಡಬೇಕು. ಎಂಟಲ್ಲದಿದ್ದರೆ ಬೇರೆ ಯಾವುದಾದರೂ ಉತ್ತರ ಇಡೋಣವೆಂದರೆ, ಸೊನ್ನೆಯಿಂದ ಗುಣಿಸಿದಾಗ ಎಂಟು ಕೊಡುವ ಸಂಖ್ಯೆಯೇ ಇಲ್ಲ. ಪಠ್ಯಪುಸ್ತಕ ಇದನ್ನು ಅವ್ಯಾಖ್ಯಾತ ಎನ್ನುತ್ತದೆ. ಮಕ್ಕಳು ಆ ಪದವನ್ನು 'ಮೇಷ್ಟ್ರಿಗೂ ಗೊತ್ತಿಲ್ಲ' ಎಂದು ಅರ್ಥಮಾಡಿಕೊಳ್ಳುತ್ತಾರೆ. ಹಾಗಲ್ಲ. ಅಲ್ಲಿ ಯಾವ ಸಂಖ್ಯೆಯನ್ನು ಕೂರಿಸಿದರೂ ಬೇರೆಲ್ಲೋ ಒಂದು ನಿಯಮ ಎದ್ದುಹೋಗುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವುದರಿಂದಲೇ ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ.