ಸತ್ತ ಮೇಲಾದರೂ ಹೆಸರಿರಲಿ

ನಿಮ್ಮ ಅಜ್ಜನ ಅಪ್ಪನ ಹೆಸರೇನು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಒಂದು ಕ್ಷಣ ಯೋಚಿಸಿ ಹೇಳಿಬಿಡುತ್ತೇವೆ. ಅದು ಹೊಲದ ಉತಾರದಲ್ಲಿರುತ್ತದೆ, ಇಲ್ಲವೇ ಮನೆಯ ಯಾವುದೋ ಮೊಮ್ಮಗನಿಗೆ ಅದೇ ಹೆಸರನ್ನು ಇಟ್ಟಿರುತ್ತಾರೆ. ಈಗ ಇನ್ನೊಂದು ಪ್ರಶ್ನೆ. ನಿಮ್ಮ ಅವ್ವನ ಅವ್ವನ ಅವ್ವನ ಹೆಸರೇನು? ಆಕೆಯನ್ನು ಎಲ್ಲಿ ಮಣ್ಣು ಮಾಡಿದರು, ಎಲ್ಲಿ ಸುಟ್ಟರು? ಇದನ್ನು ನಮ್ಮ ಮಹಿಳಾ ಮಂಡಳದಲ್ಲಿ ಒಂದು ಸಂಜೆ ಕೇಳಿದೆ. ಹೆಸರು ಹೇಳಿದವರು ಇಬ್ಬರು. ಜಾಗ ಹೇಳಿದವರು ಒಬ್ಬರೂ ಇಲ್ಲ. ಎಲ್ಲರೂ ಓದು ಬರಹ ಬಲ್ಲವರೇ, ಕೆಲವರು ಶಿಕ್ಷಕಿಯರು.

ಇದನ್ನು ಮರೆವು ಎಂದು ಕರೆದು ಸುಮ್ಮನಾಗುವುದು ಸುಲಭ. ಕಾಲ ಕಳೆದಂತೆ ಎಲ್ಲವೂ ಮರೆಯುತ್ತದೆ ಎಂದು ಸಮಾಧಾನವನ್ನೂ ಹೇಳಿಕೊಳ್ಳಬಹುದು. ಆದರೆ ಅದೇ ಮನೆ, ಅದೇ ಕಾಲ, ಅದೇ ಜನ ಗಂಡಸರ ಹೆಸರನ್ನು ಏಳು ತಲೆಯವರೆಗೆ ನೆನಪಿಟ್ಟುಕೊಂಡು ಹೆಂಗಸರ ಹೆಸರನ್ನಷ್ಟೇ ಮರೆಯುತ್ತಾರೆಂದರೆ ಅದಕ್ಕೆ ಮರೆವು ಎನ್ನಲು ಬರುವುದಿಲ್ಲ. ಹೆಂಗಸರ ಹೆಸರು ಮರೆತುಹೋದದ್ದಲ್ಲ, ಬರೆಯದೇ ಬಿಟ್ಟದ್ದು. ಹೀಗೆ ಬಿಡುವುದು ಎಲ್ಲೆಲ್ಲಿ ನಡೆಯುತ್ತದೆ ಎಂಬುದನ್ನು ಒಂದು ಹುಡುಕಾಟದಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮವ್ವನ ಅವ್ವ ತೀರಿಕೊಂಡದ್ದು 1952ರಲ್ಲಿ, ಹೆರಿಗೆಯಲ್ಲಿ. ಆಗ ನಮ್ಮವ್ವನಿಗೆ ಐದು ವರ್ಷ. ಮನೆಯಲ್ಲಿ ಆಕೆಯನ್ನು ಎಲ್ಲರೂ ‘ಸಣ್ಣವ್ವ’ ಎಂದೇ ಕರೆಯುತ್ತಿದ್ದರಂತೆ, ಆ ಮನೆಯ ಕಿರಿ ಸೊಸೆ ಎಂಬ ಕಾರಣಕ್ಕೆ. ವರ್ಷ ತುಂಬುವುದರೊಳಗೆ ಅಜ್ಜ ಇನ್ನೊಂದು ಮದುವೆಯಾದ. ಹೊಸದಾಗಿ ಬಂದಾಕೆಯನ್ನೂ ಮನೆಮಂದಿ ‘ಸಣ್ಣವ್ವ’ ಎಂದೇ ಕರೆದರು. ಪದವಿ ಖಾಲಿಯಿತ್ತು, ತುಂಬಿಕೊಂಡರು! ಹೋದವಳ ಹೆಸರನ್ನು ಬಾಯಿಬಿಟ್ಟು ಹೇಳುವ ಪ್ರಸಂಗ ಮತ್ತೆ ಯಾರಿಗೂ ಬರಲಿಲ್ಲ.

ಪುರಸಭೆಯ ಹಳೆಯ ಮರಣದ ಪುಸ್ತಕವನ್ನು ಕಾಡಿ ಬೇಡಿ ತೆಗೆಸಿದೆವು. ಆ ತಿಂಗಳ ಪುಟದಲ್ಲಿ ಸತ್ತ ಗಂಡಸರ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಕಸುಬು ಎಲ್ಲವೂ ದುಂಡಗಿನ ಅಕ್ಷರದಲ್ಲಿದ್ದವು. ನಮ್ಮ ಅಜ್ಜಿಯ ಸಾಲಿನಲ್ಲಿ ಅಜ್ಜನ ಪೂರ್ತಿ ಹೆಸರು, ಅದರ ಮುಂದೆ ‘ಇವರ ಹೆಂಡತಿ’, ಆಮೇಲೆ ವಯಸ್ಸು. ಅಷ್ಟೇ. ಎರಡನೆಯ ಅಜ್ಜಿ 1981ರಲ್ಲಿ ತೀರಿಕೊಂಡಾಗಲೂ ಮನೆಯವರು ಹೇಳಿ ಬರೆಸಿದ್ದು ಅದನ್ನೇ. ಹೀಗೆ ಇಬ್ಬರು ಹೆಂಗಸರು ಕಾಗದದ ಮೇಲೆ ಒಬ್ಬಳೇ ಆಗಿಹೋದರು. ಮುಂದೆ ಹೊಲದ ಪೌತಿ ಖಾತೆಗಾಗಿ ವಂಶವೃಕ್ಷ ಮಾಡಿಸಿದಾಗ ನಮ್ಮವ್ವ ಮಲತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳೆಂದು ದಾಖಲಾದಳು. ಹೆತ್ತವಳನ್ನು ದಾಖಲೆಯಿಂದ ಬಿಟ್ಟ ತಪ್ಪಿಗೆ ಮಗಳು ಬೇರೆಯವರ ಮಗಳಾದಳು.

ಪುರಸಭೆಯ ಪುಸ್ತಕದಲ್ಲಿ ಸತ್ತ ಸ್ಥಳವಿರುತ್ತದೆ, ಹೂತ ಸ್ಥಳ ಇರುವುದಿಲ್ಲ. ಹೀಗಾಗಿ ರುದ್ರಭೂಮಿಗೆ ಹೋದೆವು. ನಮ್ಮದು ಲಿಂಗಾಯತ ಮನೆತನ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಸುಟ್ಟು ಬೂದಿಯನ್ನು ಹೊಳೆಗೆ ಬಿಡುವ ಮಾತಿಲ್ಲ, ಆದ್ದರಿಂದ ಜಾಗ ಇರಲೇಬೇಕು. ಸಮಿತಿಯವರು ದೊಡ್ಡ ಮನಸ್ಸು ಮಾಡಿ ಹಳೆಯ ರಸೀದಿ ಪುಸ್ತಕಗಳನ್ನು ತೋರಿಸಿದರು. ಅದರಲ್ಲಿದ್ದದ್ದು ಸತ್ತವರ ಹೆಸರಲ್ಲ, ಹಣ ಕಟ್ಟಿದವರ ಹೆಸರು! ನೋಡಿ, ಎಷ್ಟು ಸರಳವಾದ ಏರ್ಪಾಟು. ಹೆಂಗಸರು ಹಣ ಕಟ್ಟಲು ಬರುವುದಿಲ್ಲ, ಬಹಳ ಮನೆಗಳಲ್ಲಿ ಅವರನ್ನು ರುದ್ರಭೂಮಿಗೇ ಬಿಡುವುದಿಲ್ಲ. ಹೂಳಿಸಿಕೊಳ್ಳಲು ಮಾತ್ರ ಬರುತ್ತಾರೆ. ಕಲ್ಲು ಹಾಕಿಸಿದ ಸಮಾಧಿಗಳಲ್ಲೂ ಹೆಚ್ಚಿನವು ಗಂಡಸರವು. ಹೆಂಗಸಿನ ಕಲ್ಲಿದ್ದರೂ ಅದರಲ್ಲಿ ದೊಡ್ಡ ಅಕ್ಷರ ಗಂಡನ ಹೆಸರಿಗೆ.

ಉಳಿದದ್ದು ಹೆಳವರು. ವರ್ಷಕ್ಕೊಮ್ಮೆ ಎತ್ತಿನೊಂದಿಗೆ ಮನೆ ಬಾಗಿಲಿಗೆ ಬಂದು ವಂಶಾವಳಿ ಹೇಳಿ ಕಾಳು ಕಡಿ ಪಡೆದು ಹೋಗುವ ಹೆಳವರು ನಮ್ಮ ನಾಡಿನ ನಡೆದಾಡುವ ದಫ್ತರಗಳು. ನಮ್ಮ ಮನೆತನದ ಹೆಳವ ಹೊತ್ತಿಗೆ ಬಿಚ್ಚಿ ಏಳು ತಲೆಮಾರನ್ನು ಗಡಗಡನೆ ಓದಿದ. ಎಲ್ಲಿಂದ ಬಂದರು, ಯಾವ ಬರದಲ್ಲಿ ಊರು ಬಿಟ್ಟರು, ಯಾರಿಗೆ ಎಷ್ಟು ಗಂಡುಮಕ್ಕಳು, ಎಲ್ಲವೂ ಇತ್ತು. “ಹೆಣ್ಮಕ್ಕಳ ಹೆಸರು?” ಎಂದೆ. “ಅದನ್ನ ನಾವು ಹಿಡಿಯಂಗಿಲ್ಲರೀ ತಾಯಿ. ಗಂಡುಮಕ್ಕಳಿಂದ ವಂಶ ಬೆಳೀತದ, ಅದನ್ನಷ್ಟ ಹಿಡೀತೀವಿ” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿಸಿಕೊಂಡವರು ಕೇಳಿದ್ದನ್ನು ಅವನ ಹಿರಿಯರು ಬರೆದರು. ಕಾಳು ಅಳೆದು ಹಾಕಿದ ಕೈ ಹೆಂಗಸಿನದು, ಹೊತ್ತಿಗೆಯೊಳಗಿನ ಹೆಸರು ಗಂಡಸಿನದು.

ಕೊನೆಗೆ ಅಜ್ಜಿಯ ಹೆಸರು ಸಿಕ್ಕಿದ್ದು ಅಟ್ಟದ ಮೇಲಿನ ತಾಮ್ರದ ಕೊಡದ ಕಂಠದಲ್ಲಿ. ಮದುವೆಯಲ್ಲಿ ತವರಿನವರು ಕೊಟ್ಟ ಕೊಡ. ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಮೂಡಿದವು. ಆಕೆಯ ಹೆಸರು, ಆಕೆಯ ತಂದೆಯ ಹೆಸರು, ತವರೂರು. ಸರ್ಕಾರ, ಸಮಾಜ, ಹೆಳವ ಮೂವರೂ ಮಾಡದ ಕೆಲಸವನ್ನು ಒಬ್ಬ ಪಾತ್ರೆ ಅಂಗಡಿಯವನು ಮಾಡಿದ್ದ. ಅವ್ವನಿಗೆ ಅಜ್ಜಿಯ ಹೆಸರು ಸಿಕ್ಕಿತು, ಜಾಗ ಇಂದಿಗೂ ಸಿಕ್ಕಿಲ್ಲ.

ಈ ಮಾತು ತೆಗೆದಾಗಲೆಲ್ಲ ನನಗೊಂದು ಉತ್ತರ ಸಿಗುತ್ತದೆ. ‘ಸತ್ತವರ ಹೆಸರು ಬರೆದಿಡುವುದು ನಮ್ಮ ಪದ್ಧತಿಯಲ್ಲ, ಅದು ಇಂಗ್ಲಿಷರ ರೂಢಿ’ ಎಂದು. ಇದು ಶುದ್ಧ ಸುಳ್ಳು. ಕರ್ನಾಟಕದಷ್ಟು ಸಾವನ್ನು ಕಲ್ಲಿನಲ್ಲಿ ಬರೆದಿಟ್ಟ ನಾಡು ಅಪರೂಪ. ವೀರಗಲ್ಲು, ಮಾಸ್ತಿಕಲ್ಲು, ನಿಷಿಧಿಕಲ್ಲು ಇಲ್ಲದ ಸೀಮೆ ಯಾವುದಿದೆ? ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸುಮಾರು ಏಳನೆಯ ಶತಮಾನದಲ್ಲೇ ವ್ರತ ಹಿಡಿದು ದೇಹಬಿಟ್ಟ ಗಂತಿಯರ, ಅಂದರೆ ಜೈನ ಸನ್ಯಾಸಿನಿಯರ, ಹೆಸರುಗಳಿವೆ. ಅವರಲ್ಲಿ ನಾಗಮತಿ ಗಂತಿ ಒಬ್ಬಳು. ಆಕೆಯ ಗುರು ಯಾರು, ಎಷ್ಟು ತಿಂಗಳು ನೋಂತಳು ಎಂಬುದನ್ನೂ ಕೆತ್ತಿದ್ದಾರೆ. ಇನ್ನಾರ ಹೆಂಡತಿ ಎಂಬ ವಿಳಾಸ ಆಕೆಗೆ ಬೇಕಾಗಲಿಲ್ಲ. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡದ್ದು, ಅವಳ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸವಿದ್ದು ಪ್ರಾಣ ಬಿಟ್ಟದ್ದು ನಮಗೆ ತಿಳಿದಿರುವುದೂ ಕಲ್ಲಿನಿಂದಲೇ. ಬಿ. ಎಲ್. ರೈಸ್ 1889ರಲ್ಲಿ ಆ ಬೆಟ್ಟದ ಶಾಸನಗಳ ಸಂಪುಟವನ್ನು ಅಚ್ಚು ಹಾಕಿಸಿದಾಗ ಹೊಸದಾಗಿ ಏನನ್ನೂ ಬರೆಯಲಿಲ್ಲ, ನಮ್ಮವರು ಬರೆದದ್ದನ್ನು ಓದಿದ ಅಷ್ಟೇ.

ಹಾಗೆಂದು ಹಿಂದಿನ ಕಾಲವೇ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ, ದೇಕಬ್ಬೆಯದು. ಅವಳ ಹೆಸರು ಕಲ್ಲೇರಲು ಅವಳು ಗಂಡನ ಹಿಂದೆ ಬೆಂಕಿಗೆ ಹಾರಬೇಕಾಯಿತು. ಬದುಕಿ, ಬೇಯಿಸಿ, ಹೆತ್ತು ಸತ್ತವಳಿಗೆ ಕಲ್ಲಿಲ್ಲ. ಇನ್ನೊಂದು ಕಡೆ ಮಂಡ್ಯ ಜಿಲ್ಲೆಯ ಆತಕೂರು. ಸುಮಾರು 950ರಲ್ಲಿ ಅಲ್ಲಿ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು. ಅದರ ಹೆಸರನ್ನು ಕೆತ್ತಿಸಿ, ಚಿತ್ರ ಬಿಡಿಸಿ, ಪೂಜೆಯ ಕಟ್ಟಳೆಯನ್ನೂ ಮಾಡಿದರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಸಂದ ಗೌರವದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರನ್ನು ಕಾಪಾಡಿದ ನಾಡಿನಲ್ಲಿ ಎಪ್ಪತ್ತು ವರ್ಷದ ಹಿಂದಿನ ನನ್ನ ಅಜ್ಜಿಯ ಹೆಸರು ಏಕೆ ಇರಲಿಲ್ಲ ಎಂದಷ್ಟೇ ಕೇಳುತ್ತೇನೆ.

ಮಂಗಳೂರಿನ ಕಡೆಯ ನನ್ನ ಕ್ಯಾಥೊಲಿಕ್ ಗೆಳತಿಯೊಬ್ಬಳು ತನ್ನ ಮುತ್ತಜ್ಜಿಯ ಅಂತ್ಯಕ್ರಿಯೆಯ ದಿನಾಂಕವನ್ನು ಇಗರ್ಜಿಯ ಪುಸ್ತಕದಲ್ಲಿ ಒಂದೇ ಮಧ್ಯಾಹ್ನದಲ್ಲಿ ಕಂಡುಕೊಂಡಳು. ಹೂತ ನಂತರ ಸತ್ತವರ ಪುಸ್ತಕದಲ್ಲಿ ಬರೆಯಬೇಕೆಂಬುದು ಅವರ ಧರ್ಮಸಭೆಯ ಕಾನೂನಿನಲ್ಲೇ ಇದೆ. ಇನ್ನು ಕಂಪನಿ ಸರ್ಕಾರದ ಕಾಲದಲ್ಲಿ ಇಲ್ಲಿ ಸತ್ತ ಇಂಗ್ಲಿಷರ ಅಂತ್ಯಕ್ರಿಯೆಯ ವಿವರಗಳ ಪ್ರತಿಗಳು ಬಂಗಾಳ, ಮದರಾಸು, ಬೊಂಬಾಯಿಗಳಿಂದ ಲಂಡನ್ನಿಗೆ ಹೋಗುತ್ತಿದ್ದವು. ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಈ ಸಮಾಧಿಗಳನ್ನು ನೋಡಿಕೊಳ್ಳಲೆಂದೇ 1976ರಲ್ಲಿ ಅಲ್ಲಿ ಸಂಘವೊಂದು ಹುಟ್ಟಿತು. ದಂಡಿನಲ್ಲಿ ಸತ್ತ ಎಳೆಗೂಸನ್ನೂ ಅದರ ಸಂಬಂಧಿಕರು ಹುಡುಕಿಕೊಂಡು ಬರಬಲ್ಲರು. ಆ ಕೂಸನ್ನು ಎದೆಗವಚಿಕೊಂಡು ಸಾಕಿದ ನಮ್ಮೂರಿನ ಆಯಾಳನ್ನು ಯಾರು ಹುಡುಕಬೇಕು? ಎಲ್ಲಿ ಹುಡುಕಬೇಕು?

ಕೂಸಿನ ಮಾತು ಬಂತು. ಸುಡುವ ಪದ್ಧತಿಯವರ ಮನೆಗಳಲ್ಲೂ ಎಳೆಗೂಸುಗಳನ್ನು ಹೂಳುತ್ತಾರೆ. ನಮ್ಮ ಅಜ್ಜಿಯರು ಎಂಟು ಹತ್ತು ಹೆತ್ತು ಮೂರು ನಾಲ್ಕನ್ನು ಮಣ್ಣಿಗೆ ಕೊಟ್ಟವರು. ಹಿತ್ತಲ ಆಚೆ, ಹಳ್ಳದ ದಂಡೆ, ಹೊಲದ ಬದು. ಬಾಣಂತಿ ಸತ್ತರೆ ದೆವ್ವವಾಗುತ್ತಾಳೆಂದು ಹೆದರಿ ಊರಾಚೆ ದೂರ ಒಯ್ಯುತ್ತಿದ್ದ ಊರುಗಳೂ ಇದ್ದವು. ಹೆರುವಾಗ ಸತ್ತವಳನ್ನು ದೆವ್ವವೆಂದು ನೆನಪಿಟ್ಟುಕೊಂಡ ಜನಕ್ಕೆ ಅವಳ ಹೆಸರು ನೆನಪಿಟ್ಟುಕೊಳ್ಳಲು ಏನು ಕಷ್ಟವಿತ್ತು?

‘ಸಿಕ್ಕಿತು ಅಂತಿಟ್ಟುಕೋ, ಅದರಿಂದ ಏನು ಉಪಯೋಗ?’ ಎನ್ನುವವರಿಗೆ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ. ನಮ್ಮ ರಾಜ್ಯ 1994ರಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು, ಅದಕ್ಕೂ ಮೊದಲು ಮದುವೆಯಾದವರನ್ನು ಬಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಜನ್ಮದಿಂದಲೇ ಈ ಹಕ್ಕು ಬರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇಷ್ಟೆಲ್ಲ ಕಾನೂನಿದ್ದರೂ ಕಚೇರಿಯ ಮೇಜಿನ ಮೇಲೆ ಮೊದಲು ಕೇಳುವುದು ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರ. ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಯಾರು ಯಾವಾಗ ಹೋದರು ಎಂಬುದು ಕಾಗದದಲ್ಲಿಲ್ಲದವಳಿಗೆ ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ. ಸತ್ತವಳ ಹೆಸರು ಅಳಿಸುವುದು ಬದುಕಿರುವ ಮಗಳನ್ನು ಹೊರಗಿಡುವ ಅತ್ಯಂತ ಸದ್ದಿಲ್ಲದ ಉಪಾಯ.

ಕಾನೂನಿಗೇನೂ ಬರವಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಇದೆ. ಮನೆಯಲ್ಲಿ ಸಾವಾದರೆ 21 ದಿನದೊಳಗೆ ತಿಳಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಸ್ಮಶಾನ ನೋಡಿಕೊಳ್ಳುವವರೂ ಸಾವಿನ ಸುದ್ದಿಯನ್ನು ನೋಂದಣಾಧಿಕಾರಿಗೆ ಮುಟ್ಟಿಸಬೇಕೆಂದು 10ನೇ ಕಲಮು ಹೇಳುತ್ತದೆ. ಪುಸ್ತಕದಲ್ಲಿ ಹುಡುಕಿಸಿ ನಕಲು ಪಡೆಯುವ ಹಕ್ಕು 17ನೇ ಕಲಮಿನಲ್ಲಿ ಎಲ್ಲರಿಗೂ ಇದೆ. ತಪ್ಪು ಬರೆದಿದ್ದರೆ ಅಂಚಿನಲ್ಲಿ ತಿದ್ದಿಸಬಹುದು. 2023ರ ತಿದ್ದುಪಡಿಯ ನಂತರ ಇದೆಲ್ಲ ಕಂಪ್ಯೂಟರಿಗೂ ಏರಿದೆ. ಆದರೆ ಕಂಪ್ಯೂಟರು ಹೇಳಿದ್ದನ್ನು ಬರೆದುಕೊಳ್ಳುತ್ತದೆಯೇ ಹೊರತು ಹೇಳದ್ದನ್ನು ಊಹಿಸುವುದಿಲ್ಲ. ಫಾರಂ ತುಂಬುವ ಕೈ ಇಂದಿಗೂ ಅಳಿಯನದೋ ಮೈದುನನದೋ ಆಗಿರುತ್ತದೆ. ಅವರಿಗೆ ಅತ್ತಿಗೆಯ ತಾಯಿಯ ಹೆಸರು ಹೇಗೆ ಗೊತ್ತಿರಬೇಕು?

ಆದ್ದರಿಂದ ಗೆಳತಿಯರೇ, ಸಾವಿನ ಮನೆಯಲ್ಲಿ ಅಳುವ ಕೆಲಸವೊಂದನ್ನೇ ನಮಗೆ ಬಿಟ್ಟುಕೊಟ್ಟಿರುವುದನ್ನು ಇನ್ನು ಒಪ್ಪುವುದು ಬೇಡ. ಫಾರಂ ನಾವು ತುಂಬೋಣ. ಸತ್ತವಳ ಪೂರ್ತಿ ಹೆಸರು, ಅವಳ ತಾಯಿಯ ಹೆಸರನ್ನು ಬರೆಸದೆ ಕಚೇರಿಯಿಂದ ಏಳುವುದು ಬೇಡ. ನಮ್ಮ ಸಮಾಜದ ರುದ್ರಭೂಮಿ, ಕಬರಸ್ತಾನ, ಸ್ಮಶಾನದ ಸಮಿತಿಗಳು ರಸೀದಿ ಪುಸ್ತಕದ ಜೊತೆ ಸತ್ತವರ ಪುಸ್ತಕವನ್ನೂ ಇಡಬೇಕು. ಹೆಸರು, ದಿನ, ಯಾವ ಸಾಲು, ಯಾವ ಮೂಲೆ, ಇಷ್ಟು ಸಾಕು. ಇಟ್ಟಿಲ್ಲವೆಂದರೆ ಸಮಾಜದ ವಂತಿಗೆ ಕೇಳಲು ಬಂದಾಗ ಮೊದಲು ಪುಸ್ತಕ ತೋರಿಸಿ ಎನ್ನೋಣ. ಮನೆಯಲ್ಲಿ ಹಾಲಿನ ಲೆಕ್ಕ, ಕಿರಾಣಿ ಲೆಕ್ಕ ಬರೆಯುವ ವಹಿಯ ಕೊನೆಯ ಹಾಳೆಯಲ್ಲಿ ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಗೊತ್ತಿರುವಷ್ಟು ಬರೆದಿಡೋಣ. ಕೇಳಿ ತಿಳಿಯಲು ಇನ್ನೂ ಯಾರಾದರೂ ಮುದುಕಿ ಬದುಕಿದ್ದರೆ ಇದೇ ವಾರ ಹೋಗಿ ಕೇಳಿ. ಹಬ್ಬಕ್ಕೆ ಹೋದಾಗ ಕೇಳಿದರಾಯಿತು ಎಂದು ಮುಂದೂಡಬೇಡಿ. ಅವರಿಗೆ ಹಬ್ಬದ ತನಕ ಕಾಯುವಷ್ಟು ಪುರಸೊತ್ತು ಇರುವುದಿಲ್ಲ.