ಕೇಳುವವರ ಮನಸ್ಸನ್ನು ಓದುವ ವಿದ್ಯೆ

ನ್ಯಾಯಾಲಯವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ಬರುವುದು ಎತ್ತರದ ಪೀಠ, ಅಲ್ಲೊಬ್ಬ ನ್ಯಾಯಾಧೀಶರು, ಕೆಳಗೆ ಕಪ್ಪು ನಿಲುವಂಗಿಯ ಇಬ್ಬರು ವಕೀಲರು. ಇಂಗ್ಲಿಷ್ ಚಲನಚಿತ್ರಗಳನ್ನು ನೋಡುವ ಮಕ್ಕಳು ಇನ್ನೊಂದು ಗುಂಪನ್ನೂ ಕಂಡಿರುತ್ತಾರೆ. ಒಂದು ಪಕ್ಕದಲ್ಲಿ ಎರಡು ಸಾಲಾಗಿ ಕುಳಿತ ಹನ್ನೆರಡು ಮಂದಿ. ಅವರು ಬಾಯಿ ಬಿಡುವುದಿಲ್ಲ, ಕೇಳುತ್ತಾರೆ ಅಷ್ಟೆ. ಇದೇ ಜ್ಯೂರಿ. ಬಸ್ಸಿನ ಚಾಲಕ, ದಾದಿ, ನಿವೃತ್ತ ಗುಮಾಸ್ತ, ಹೀಗೆ ಕಾನೂನು ಓದದ ಸಾಮಾನ್ಯ ಜನರು. ಅಮೆರಿಕದಲ್ಲಿ ಗಂಭೀರ ಅಪರಾಧದ ವಿಚಾರಣೆ ನಡೆದಾಗ ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂದು ಸಾಮಾನ್ಯವಾಗಿ ಹೇಳತಕ್ಕವರು ಇವರು, ನ್ಯಾಯಾಧೀಶರಲ್ಲ.

ನಮ್ಮ ದೇಶದಲ್ಲೂ ಒಂದು ಕಾಲಕ್ಕೆ ಜ್ಯೂರಿ ಇತ್ತು. 1959ರಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯವರ ಕೊಲೆ ಮೊಕದ್ದಮೆ ನಡೆದಾಗ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಿರ್ದೋಷಿ ಎಂದರು. ಸೆಶನ್ಸ್ ನ್ಯಾಯಾಧೀಶರು ಇದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು ಶಿಕ್ಷೆ ವಿಧಿಸಿತು; 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಈ ಒಂದು ಮೊಕದ್ದಮೆಯಿಂದಲೇ ಜ್ಯೂರಿ ಹೋಯಿತೆಂಬ ಮಾತು ಪ್ರಚಾರದಲ್ಲಿದೆ, ಆದರೆ ಅದು ಸರಿಯಲ್ಲ. ಕಾನೂನು ಆಯೋಗವು 1958ರಲ್ಲೇ ಜ್ಯೂರಿ ಬೇಡವೆಂದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. 2024ರಲ್ಲಿ ಅದರ ಬದಲಿಗೆ ಬಂದ ಹೊಸ ಸಂಹಿತೆಯಲ್ಲೂ ಇಲ್ಲ.

ಜ್ಯೂರಿ ಇರುವಲ್ಲಿ ವಕೀಲನ ಕಷ್ಟ ಬೇರೆ. ಕಾನೂನು ಬಲ್ಲ ಒಬ್ಬರಿಗಲ್ಲ, ಕಾನೂನು ಅರಿಯದ ಹನ್ನೆರಡು ಮಂದಿಗೆ ಅವನು ವಿಷಯವನ್ನು ಮನಗಾಣಿಸಬೇಕು. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಎದುರಿನ ಸಭೆಯನ್ನು ನೋಡಿಯೇ ಮಾತನ್ನು ಬೆಳೆಸುತ್ತಾರೆ, ಮೊಟಕುಗೊಳಿಸುತ್ತಾರೆ. ಆ ಕಣ್ಣು ಎಲ್ಲ ವಕೀಲರಿಗೂ ಇರುವುದಿಲ್ಲ. ಇಲ್ಲದವರಿಗೆ ಅದನ್ನು ಎರವಲು ಕೊಡುವವರೇ ಜ್ಯೂರಿ ಸಲಹೆಗಾರರು. ಇವರಲ್ಲಿ ಮನಶ್ಶಾಸ್ತ್ರ, ಸಮಾಜಶಾಸ್ತ್ರ ಓದಿದವರು ಬಹಳ.

ಈ ಕೆಲಸ ಹೆಸರಾದ ಬಗೆಯನ್ನು ತಿಳಿಯಬೇಕು. ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ಏಳು ಮಂದಿ, ಅಧ್ಯಕ್ಷರ ಸಲಹೆಗಾರರಾಗಿದ್ದ ಹೆನ್ರಿ ಕಿಸಿಂಜರರನ್ನು ಅಪಹರಿಸಲು ಸಂಚು ಹೂಡಿದರೆಂದು ಅಮೆರಿಕ ಸರಕಾರ ಆರೋಪ ಹೊರಿಸಿತು. ಆರೋಪಿಗಳಲ್ಲಿ ಫಿಲಿಪ್ ಬೆರಿಗನ್ ಎಂಬ ಪಾದ್ರಿಯಿದ್ದರು. ಬಿಹಾರದಲ್ಲಿ ಹುಟ್ಟಿ ಪಾಕಿಸ್ತಾನಕ್ಕೆ ಹೋಗಿ ನೆಲಸಿದ್ದ ವಿದ್ವಾಂಸ ಇಕ್ಬಾಲ್ ಅಹ್ಮದರೂ ಇದ್ದರು. 1972ರಲ್ಲಿ ವಿಚಾರಣೆ ನಡೆದದ್ದು ಪೆನ್ಸಿಲ್ವೇನಿಯದ ಹ್ಯಾರಿಸ್ಬರ್ಗಿನಲ್ಲಿ. ಅದು ಸರಕಾರದ ಪರವಾದ ಜನರು ಹೆಚ್ಚಿದ್ದ ಪ್ರದೇಶ. ಆಗ ಜೇ ಶುಲ್ಮನ್ ಎಂಬ ಸಮಾಜಶಾಸ್ತ್ರಜ್ಞರೂ ರಿಚರ್ಡ್ ಕ್ರಿಸ್ಟಿ ಎಂಬ ಮನಶ್ಶಾಸ್ತ್ರಜ್ಞರೂ ಆರೋಪಿಗಳ ನೆರವಿಗೆ ಬಂದರು. ಮೊದಲು 840 ಮಂದಿಯನ್ನು ದೂರವಾಣಿಯಲ್ಲಿ ಮಾತನಾಡಿಸಲಾಯಿತು, ಬಳಿಕ ಅವರಲ್ಲಿ 252 ಮಂದಿಯನ್ನು ಮುಖತಃ ಕಂಡು ವಿವರವಾಗಿ ವಿಚಾರಿಸಲಾಯಿತು. ಹೆಚ್ಚು ಓದಿದವರು ಉದಾರ ಮನಸ್ಸಿನವರೆಂದು ವಕೀಲರು ಎಣಿಸಿದ್ದರು. ಆ ಊರಿನಲ್ಲಿ ಆ ಎಣಿಕೆ ತಲೆಕೆಳಗಾಗಿತ್ತು. ಅಧ್ಯಾಪಕರಾದ ನಮಗೆ ಇದು ಅಷ್ಟೇನೂ ಹಿತವಾದ ಸಂಗತಿಯಲ್ಲ! ಕೊನೆಗೆ ಸಂಚಿನ ಆರೋಪದಲ್ಲಿ ಹತ್ತು ಮಂದಿ ಆರೋಪಿಗಳ ಪರವಾಗಿಯೂ ಇಬ್ಬರು ವಿರುದ್ಧವಾಗಿಯೂ ನಿಂತು, ತೀರ್ಮಾನವಾಗದೆ ಉಳಿಯಿತು. ಆ ಇಬ್ಬರನ್ನೂ ಇದೇ ಲೆಕ್ಕಾಚಾರ ಒಳಗೆ ಬಿಟ್ಟಿತ್ತು ಎಂಬುದನ್ನು ಮರೆಯಬಾರದು.

ಇಂದು ಈ ಸಲಹೆಗಾರರ ಕೆಲಸ ವಿಸ್ತಾರವಾಗಿದೆ. ನಿಜವಾದ ವಿಚಾರಣೆಗೆ ಮುಂಚೆ ಅದೇ ಪ್ರದೇಶದ ಸಾಮಾನ್ಯರನ್ನು ಸಂಬಳ ಕೊಟ್ಟು ಕರೆಸಿ ಅಣಕು ವಿಚಾರಣೆ ನಡೆಸುತ್ತಾರೆ. ವಕೀಲನ ಸಹೋದ್ಯೋಗಿಯೇ ಎದುರಾಳಿಯಾಗಿ ವಾದಿಸುತ್ತಾನೆ. ಅನಂತರ ಅವರನ್ನು ಒಂದು ಕೋಣೆಯಲ್ಲಿ ಚರ್ಚಿಸಲು ಬಿಟ್ಟು, ಪಕ್ಕದ ಕೋಣೆಯಿಂದ ವಕೀಲನು ಗಮನಿಸುತ್ತಾನೆ. ತಾನು ಅರ್ಧ ಗಂಟೆ ವಿವರಿಸಿದ ಅಂಶವನ್ನು ಯಾರೂ ಎತ್ತುವುದಿಲ್ಲ. ಎಂದೋ ಬಾಯಿತಪ್ಪಿ ಬಂದ ಒಂದು ಮಾತನ್ನೇ ಎಲ್ಲರೂ ಹಿಡಿದುಕೊಂಡಿರುತ್ತಾರೆ. ಆ ವಕೀಲನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ. ಸಾಕ್ಷಿಗಳಿಗೂ ತರಬೇತಿಯುಂಟು. ಪಾಟೀಸವಾಲಿನಲ್ಲಿ ಸಿಡುಕಬೇಡಿ, ಪ್ರಶ್ನೆ ಮುಗಿಯುವ ತನಕ ತಾಳಿ, ಜ್ಯೂರಿಯತ್ತ ನೋಡಿ ಉತ್ತರಿಸಿ ಎನ್ನುತ್ತಾರೆ. ಹೇಗೆ ಹೇಳಬೇಕೆಂದು ಕಲಿಸಬಹುದು, ಏನು ಹೇಳಬೇಕೆಂದು ಕಲಿಸುವಂತಿಲ್ಲ. ಈ ಗೆರೆ ಬಹಳ ತೆಳುವೆಂದು ನಮಗೆ ತೋರುತ್ತದೆ.

ಇಷ್ಟನ್ನು ನಾವು ಒಪ್ಪಬಹುದು. ತಿಳಿಯುವಂತೆ ಮಾತಾಡಲು ಕಲಿಯುವುದು ಅನ್ಯಾಯವಲ್ಲ. ಗಡಿನಾಡಿನವರಾದ ನಮಗೆ ಇದು ಚೆನ್ನಾಗಿ ಗೊತ್ತು; ಓದಲು ಬಾರದ ಭಾಷೆಯ ಕಾಗದಕ್ಕೆ ರುಜು ಹಾಕುವ ಸಂಕಟ ನಮ್ಮ ಹೆತ್ತವರಲ್ಲಿ ಅನೇಕರಿಗೆ ಹೊಸತಲ್ಲ.

ನಮಗೆ ಒಪ್ಪಿಗೆಯಾಗದಿರುವುದು ಅವರ ಇನ್ನೊಂದು ಕೆಲಸ, ಅಂದರೆ ಕೇಳುವವರನ್ನೇ ಆರಿಸುವುದು. ಜ್ಯೂರಿಗೆ ಕರೆದವರಲ್ಲಿ ಇಂತಿಷ್ಟು ಮಂದಿಯನ್ನು ಕಾರಣ ಹೇಳದೆ ಬಿಟ್ಟುಬಿಡಲು ಎರಡೂ ಪಕ್ಷಗಳಿಗೆ ಹಕ್ಕಿದೆ. ಯಾವ ಪತ್ರಿಕೆ ಓದುತ್ತಾರೆ, ಉದ್ಯೋಗವೇನು, ಪೊಲೀಸರಲ್ಲಿ ನಂಬಿಕೆಯುಂಟೇ, ಹೀಗೆ ಲೆಕ್ಕ ಹಾಕಿ ಯಾರನ್ನು ಬಿಡಬೇಕೆಂದು ಸಲಹೆಗಾರರು ಚೀಟಿ ಕೊಡುತ್ತಾರೆ. ಹೆಸರು ಕೇಳಿದೊಡನೆ ಊರು, ಜಾತಿ, ಗುಣ ಎಲ್ಲವನ್ನೂ ಊಹಿಸುವ ನಮ್ಮವರ ಚಾಳಿಗೂ ಇದಕ್ಕೂ ಎಷ್ಟು ಅಂತರ? ಮೈಬಣ್ಣ ನೋಡಿ ಹೀಗೆ ಕೈಬಿಡಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟು 1986ರಲ್ಲಿಯೂ, ಗಂಡು ಹೆಣ್ಣೆಂದು ನೋಡಿ ಕೈಬಿಡಬಾರದೆಂದು 1994ರಲ್ಲಿಯೂ ಹೇಳಬೇಕಾಯಿತು. ಆದರೂ ಬೇರೊಂದು ನೆಪ ಹೇಳಿ ಕೈಬಿಡುತ್ತಾರೆಂಬ ದೂರು ನಿಂತಿಲ್ಲ.

ಹಣದ ಮಾತಂತೂ ಇದ್ದೇ ಇದೆ. ಸರಕಾರದ ಎದುರು ನಿಂತ ಏಳು ಮಂದಿಗಾಗಿ ಬಳಕೆಯಾದ ಉಪಾಯವು ಹತ್ತು ವರ್ಷದೊಳಗೆ ಒಂದು ವೃತ್ತಿಯಾಯಿತು. 1982ರಲ್ಲಿ ಆ ವೃತ್ತಿಯವರದೇ ಸಂಘ ಹುಟ್ಟಿತು. ದೊಡ್ಡ ಕಂಪನಿಗಳು ಅವರನ್ನು ನೇಮಿಸಿಕೊಳ್ಳುತ್ತವೆ, ಶ್ರೀಮಂತ ಆರೋಪಿಗಳು ನೇಮಿಸಿಕೊಳ್ಳುತ್ತಾರೆ. ಬಡವನ ಪರವಾಗಿ ಸರಕಾರ ಒದಗಿಸಿದ ವಕೀಲನಿಗೆ ಕೈತುಂಬ ಮೊಕದ್ದಮೆಗಳು. ಅಣಕು ವಿಚಾರಣೆ ನಡೆಸಲು ಅವನಿಗೆ ಸಮಯವೆಲ್ಲಿ, ದುಡ್ಡೆಲ್ಲಿ? ಕೇಳುವವರನ್ನು ಆರಿಸುವ ಲೆಕ್ಕಾಚಾರವನ್ನು ನಿಲ್ಲಿಸಿ, ಮಾತನ್ನು ಪರೀಕ್ಷಿಸಿ ನೋಡುವ ಅನುಕೂಲವನ್ನು ಬಡ ಆರೋಪಿಗೂ ಸರಕಾರದ ಖರ್ಚಿನಲ್ಲಿ ಒದಗಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇದರಲ್ಲಿ ದುಡ್ಡು ಬೇಡದ ಭಾಗವೊಂದನ್ನು ನಮ್ಮ ಶಾಲೆಗೆ ತರಬಹುದು. ಬರುವ ವರ್ಷದ ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರ ಜೊತೆ ಎಂಟನೆಯ ತರಗತಿಯ ಹಿಂದಿನ ಬೆಂಚಿನ ಮೂವರನ್ನು ಕೂರಿಸೋಣ. ಪ್ರತಿ ಭಾಷಣ ಮುಗಿದೊಡನೆ, ಇವರು ಹೇಳಿದ್ದೇನೆಂದು ಆ ಮಕ್ಕಳು ಎರಡು ವಾಕ್ಯದಲ್ಲಿ ಹೇಳಲಿ. ಅದನ್ನು ನೋಡಿ ಅಂಕ ಕೊಡೋಣ.